ಸಕ್ಕರೆ ಹೊದ್ದ ಹುಳ

ಮನುಷ್ಯಕುಲದ ಸಮಸ್ತ ಪರೋಪಕಾರವೂ ಕಡೆಗೆ ಎಣ್ಣೆಯಲ್ಲಿ ಕರಿದ ಯಾವುದಾದರೊಂದು ತಿಂಡಿಯ ಮೇಲೆ ನಿಂತಿದೆ ಎಂಬುದು ನನ್ನ ದೃಢವಾದ ನಂಬಿಕೆ. ಇದಕ್ಕೆ ಶಾಸ್ತ್ರಾಧಾರ ಕೇಳಿದರೆ ನಾನು ತೋರಿಸಬಲ್ಲದ್ದು ಎಡಗಡೆಯ ಒಂದು ಮುರಿದ ದವಡೆಹಲ್ಲನ್ನು ಮಾತ್ರ.

ಹಲ್ಲು ಮುರಿದದ್ದು ಒಮಾನಿನ ಸೀಬ್‌ನಲ್ಲಿ, ಚರ್ಚಿನ ಯುವಜನರ ಗುಂಪು ಮಾರಿದ ಕುಸ್ವಾರಿನ ಡಬ್ಬಿಯಿಂದ. ಕುಸ್ವಾರ್ ಅಂದರೆ ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ತಿಂಡಿಗಳ ಇಡೀ ಬಳಗ. ನಾನು ತುಳುವಿನವನಾದರೂ ಆ ಬಳಗದೊಂದಿಗೆ ನನ್ನ ನಂಟು ಹಳೆಯದು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಬಾಯಮ್ಮ ಕಂಪೌಂಡ್ ಗೋಡೆಯ ಮೇಲಿಂದ ಕಸೂತಿ ಬಟ್ಟೆ ಮುಚ್ಚಿದ ತಟ್ಟೆಯನ್ನು ನಮ್ಮ ಕಡೆಗೆ ದಾಟಿಸುತ್ತಿದ್ದರು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂದು ಅಮ್ಮ ಚೌತಿಯ ಉಂಡೆಗಾಗಿ ಕಾಯುತ್ತಿದ್ದಳು. ಹೀಗಾಗಿ ಆ ತಟ್ಟೆ ವರ್ಷದ ಬಹುಪಾಲು ನಮ್ಮ ಮನೆಯಲ್ಲೇ ಇದ್ದು, ಅದರಲ್ಲಿ ನಾವು ಹಪ್ಪಳ ಒಣಗಿಸುತ್ತಿದ್ದೆವು.

ತಟ್ಟೆಯಲ್ಲಿ ಹೂವಿನಂಥ ಕೊಕ್ಕಿಸ್ ಇರುತ್ತಿತ್ತು, ಗೋಲಿಯಷ್ಟು ಗಟ್ಟಿಯಾದ ಗುಳಿಯೊ ಇರುತ್ತಿತ್ತು (ನನ್ನ ಹಲ್ಲಿನ ಮೇಲೆ ಮುಂದೆ ಕೈಮಾಡಿದ್ದು ಇದರದೇ ವಂಶ), ಮತ್ತು ಎಲ್ಲಕ್ಕಿಂತ ಮೇಲೆ, ಕಿಡ್ಯೊ. ತೆಂಗಿನ ಹಾಲಿನಲ್ಲಿ ಕಲಸಿದ ಹಿಟ್ಟಿನ ಸಣ್ಣ ತುಂಡನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ, ಗೆರೆ ಬೀಳಿಸಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಕೊಂಕಣಿಯಲ್ಲಿ ಕಿಡ್ಯೊ ಎಂದರೆ ಹುಳಗಳು. ನೋಡಿದರೆ ಹೋಲಿಕೆ ಅನ್ಯಾಯದ್ದಲ್ಲ. ಹೆಸರಿಟ್ಟ ಅಜ್ಜಿಯಂದಿರು ಕಣ್ಣು ಬಿಟ್ಟುಕೊಂಡೇ ಇಟ್ಟಿದ್ದಾರೆ.

ಒಮಾನಿಗೆ ಬರುವಾಗ ತಟ್ಟೆ ಪ್ಲಾಸ್ಟಿಕ್ ಡಬ್ಬಿಯಾಗಿತ್ತು, ಕಸೂತಿ ಬಟ್ಟೆ ಕೆಂಪು ರಿಬ್ಬನ್ ಆಗಿತ್ತು. ಬಾಗಿಲು ತಟ್ಟಿ ಮಾರುವುದು ಇಲ್ಲಿಯ ಕಾನೂನಿಗೆ ಹಿಡಿಸದ ಕಾರಣ ಅದಕ್ಕೆ ‘ಪರಿಚಯದವರಿಗೆ ಹಂಚುವುದು’ ಎಂದು ಹೆಸರು. ಬಂದ ಹಣ ಊರಿನ ಒಂದು ಅನಾಥಾಶ್ರಮದ ಮಕ್ಕಳಿಗೆ. ಇಷ್ಟಾಗಿಯೂ ನಾನು ಪ್ರತಿ ಡಿಸೆಂಬರಿನಲ್ಲಿ ಕಾಲಿಂಗ್ ಬೆಲ್ಲಿಗೆ ಕಿವಿಗೊಟ್ಟು ಕೂರುತ್ತಿದ್ದೆ. ಮಧುಮೇಹದ ಮಾತ್ರೆಯನ್ನು ಮೊದಲೇ ನುಂಗಿಟ್ಟುಕೊಂಡು.

ಗುಂಪಿನ ಮಾರ್ಗದರ್ಶಕರು ಹಗಲಲ್ಲಿ ವಿಮೆ ಮಾರುವವರು, ಸಂಜೆ ಪುಣ್ಯ ಮಾರುವವರು. ಎರಡಕ್ಕೂ ಅವರಲ್ಲಿ ಒಂದೇ ಪದ: ಟಾರ್ಗೆಟ್. ಆ ವರ್ಷವೂ ಅವರು ಹಿಂದಿನ ವರ್ಷದ ಘೋಷಣೆಯನ್ನೇ ಹೊರಡಿಸಿದರು. ತನ್ನ ಪಾಲಿನ ಡಬ್ಬಿಗಳನ್ನೆಲ್ಲ ಖಾಲಿ ಮಾಡಿದವರಿಗೆ ಒಮಾನಿನ ಉತ್ತರ ತುದಿಯ ಕಡಲೂರು ಖಸಬ್‌ಗೆ ಪ್ರವಾಸ. ಖಾಲಿ ಮಾಡದವರಿಗೆ ಪ್ರಾರ್ಥನೆ. ಹಿಂದಿನ ವರ್ಷ ಯಾರೋ ಅಪ್ಪ ಮಗನ ಡಬ್ಬಿಗಳನ್ನೆಲ್ಲ ತಾನೇ ಕೊಂಡುಬಿಟ್ಟಿದ್ದರಿಂದ ಒಂದು ತಿದ್ದುಪಡಿಯೂ ಬಂತು: ಒಂದು ಬಾಗಿಲಿಗೆ ಒಂದೇ ಡಬ್ಬಿ.

ನನ್ನ ಕೆಳಗಿನ ಫ್ಲ್ಯಾಟಿನಲ್ಲೊಬ್ಬಳು ಹುಡುಗಿ. ಹತ್ತನೆಯ ತರಗತಿ. ತಾಯಿ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ತಂದೆ ದೂರದ ಸುವೈಕ್ ಊರಿನ ಒಂದು ಅಂಗಡಿಯಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಬರುವವರು. ಒಮಾನಿನಲ್ಲೇ ಹುಟ್ಟಿದ ಈ ಹುಡುಗಿ ಒಮಾನಿನಲ್ಲಿ ಕಂಡದ್ದು ಫ್ಲ್ಯಾಟು, ಸ್ಕೂಲು, ಚರ್ಚು ಮತ್ತು ವಿಮಾನ ನಿಲ್ದಾಣ. ಅವಳಿಗೆ ಖಸಬ್ ಬೇಕಾಗಿತ್ತು. ಖಸಬ್ ಅಂದರೆ ಅವಳಿಗೆ ಡಾಲ್ಫಿನ್.

"ಅಂಕಲ್, ಬೋಟಲ್ಲಿ ಕೂತು ವಿಸಿಲ್ ಹಾಕಿದ್ರೆ ಸೈಡಲ್ಲೇ ಹಾರ್ತಾವಂತೆ."

"ನಿನಗೆ ವಿಸಿಲ್ ಬರ್ತದಾ?"

"ಕಲೀತಿದ್ದೇನೆ."

ಕಲಿಯುತ್ತಿದ್ದದ್ದು ಮೆಟ್ಟಿಲಿನ ಮೇಲೆ. ಲಿಫ್ಟಿನಲ್ಲಿ ಕೂಡ ಕೇಳಿಸುತ್ತಿತ್ತು. ಕುಕ್ಕರಿನ ಗ್ಯಾಸ್ಕೆಟ್ ಹೋದ ಹಾಗೆ.

ಇನ್ನೊಂದು ವಿಶೇಷವನ್ನು ಹೇಳಬೇಕು. ಆ ಗುಂಪಿನ ಮಕ್ಕಳೆಲ್ಲ ಇಂಗ್ಲಿಷಿನಲ್ಲೇ ಉಸಿರಾಡುವವರು. ಇವಳೊಬ್ಬಳು ಮಾತ್ರ ಊರಿನ ಅಜ್ಜಿಯ ಜೊತೆ ದಿನಾ ಫೋನಿನಲ್ಲಿ ಹರಟಿ ಕೊಂಕಣಿ ಕಲಿತಿದ್ದಳು. ಮೊಂತಿ ಹಬ್ಬದ (ಕ್ರೈಸ್ತರ ಹೊಸ ತೆನೆಯ ಹಬ್ಬ) ಊಟಕ್ಕೆ ನನ್ನನ್ನೂ ಕರೆದಿದ್ದಾಗ ನಮ್ಮ ಮಾರ್ಗದರ್ಶಕರು ಅವಳನ್ನು ವೇದಿಕೆಗೆ ಹತ್ತಿಸಿ, "ಮಾಯ್‌ಭಾಷೆ ಮರೆತವ ತಾಯಿಯನ್ನೇ ಮರೆತ ಹಾಗೆ. ಲುಕ್ ಅಟ್ ಹರ್!" ಎಂದು ಚಪ್ಪಾಳೆ ಹೊಡೆಸಿದ್ದರು. ತಾಯಿ ಕಣ್ಣೊರೆಸಿಕೊಂಡರು. ಊಟ ಚೆನ್ನಾಗಿತ್ತು.

ಡಬ್ಬಿ ಹಂಚುವಾಗ ಉಳಿದ ಮಕ್ಕಳು ಕಿಡ್ಯೊಗೆ ‘ಸ್ವೀಟ್ ಶೆಲ್ಸ್’ ಎನ್ನುತ್ತಿದ್ದರು. ಇವಳು ಹಾಗೆನ್ನಲು ಒಪ್ಪಲಿಲ್ಲ. ಅಜ್ಜಿ ಬೈತಾಳೆ ಅಂದಳು.

ನಮ್ಮ ಕಟ್ಟಡದ ಮೇಲಂತಸ್ತಿನಲ್ಲಿ ಉತ್ತರ ಭಾರತದ ಕಡೆಯ ಒಬ್ಬ ಹೆಂಗಸು ಇದ್ದರು. ಈರುಳ್ಳಿಯನ್ನೂ ಮನೆಯೊಳಗೆ ಬಿಡದ ಶಾಕಾಹಾರಿ. ಕಟ್ಟಡದ ವಾಟ್ಸಪ್ ಗುಂಪಿನ ಅಡ್ಮಿನ್. ಹುಡುಗಿ ಅವರ ಬಾಗಿಲು ತಟ್ಟಿದಾಗ ನಾನು ನೀರಿನ ಬಾಟಲಿ ಹೊತ್ತು ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಡುತ್ತಿದ್ದೆ.

"ಬೇಟಾ, ಯೇ ಕ್ಯಾ ಹೈ?" ಅವರ ಬೆರಳು ಡಬ್ಬಿಯ ಮೇಲಿತ್ತು.

"ಕಿಡ್ಯೊ, ಆಂಟಿ."

"ಕೀಡೇ?"

ಹಿಂದಿಯಲ್ಲಿಯೂ ಅದೇ ಪದ ಉಂಟೆಂದು ಹುಡುಗಿಗೆ ಸಂತೋಷವೇ ಆಯಿತು. "ಹಾಂ ಆಂಟಿ, ಕೀಡೇ! ಘರ್ ಮೇ ಬನಾತೇ ಹೈಂ."

ಮನೆಯಲ್ಲೇ ಮಾಡಿದ ಹುಳಗಳು. ಹೆಂಗಸು ಪಾರದರ್ಶಕ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. ಗೆರೆಗೆರೆಯಾಗಿ, ಬೆಳ್ಳಗೆ, ಮೈ ಮುದುಡಿಕೊಂಡು, ಅವು ಇದ್ದವು. ಬಾಗಿಲು ಮುಚ್ಚಿತು. ನಾನು ನನ್ನ ಮಹಡಿಗೆ ತಲಪುವ ಮೊದಲೇ ನನ್ನ ಜೇಬಿನ ಫೋನು ಗುಂಯ್‌ಗುಟ್ಟಿತು: ಕರಿದ ಹುಳಗಳನ್ನು ಮಾರುತ್ತಿದ್ದಾರೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ನಾನು ಮತ್ತೆ ಹತ್ತಿ ಹೋಗಿ ನನ್ನ ಕಚೇರಿ ಹಿಂದಿಯಲ್ಲಿ ವಿವರಿಸಿದೆ. ಅದು ಬರೀ ಹೆಸರು, ಮೈದಾಹಿಟ್ಟು, ಬೆಂಡೆಕಾಯಿಗೆ ಲೇಡೀಸ್ ಫಿಂಗರ್ ಅನ್ನುವುದಿಲ್ಲವೇ?

"ಭಾಯಿಸಾಬ್," ಅವರು ಬಾಗಿಲ ಸಂದಿಯಿಂದ ಹೇಳಿದರು, "ಲಡ್ಕೀ ಖುದ್ ಬೋಲೀ." ಹುಡುಗಿಯೇ ಹೇಳಿದಳಲ್ಲ.

ಕೊಂಡಿದ್ದವರು ಕೂಡ ಸಂಜೆಯೊಳಗೆ ಡಬ್ಬಿಗಳನ್ನು ತಂದು ಅವಳ ಬಾಗಿಲ ಮುಂದೆ ಇಟ್ಟು ಹೋದರು. ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ, ಒಂದರ ಮೇಲೊಂದು. ಕೆಲವರು ತೆರೆದು ತಿಂದು ಅರ್ಧ ಮಾಡಿದ್ದನ್ನೂ ಇಟ್ಟಿದ್ದರು. ಅವರ ಅಸಹ್ಯ ಅರ್ಧ ಡಬ್ಬಿಯ ನಂತರ ಶುರುವಾದದ್ದು ಇರಬೇಕು.

ಮಾರ್ಗದರ್ಶಕರು ಬಂದರು. ಮೆಟ್ಟಿಲ ಮೇಲೆಯೇ ನಿಂತು, ಅವಳ ತಾಯಿಯ ಎದುರಿಗೆ, ಅಚ್ಚ ಇಂಗ್ಲಿಷಿನಲ್ಲಿ ಕೇಳಿದರು: "ಹೂ ಟೋಲ್ಡ್ ಯು ಟು ಸ್ಪೀಕ್ ಕೊಂಕಣಿ?"

 ಈ ಪ್ರಶ್ನೆಗೆ ಉತ್ತರ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು, ಅವಳನ್ನು ವೇದಿಕೆ ಹತ್ತಿಸಿದ್ದ ಅವರೇ.

"ನಾನೇ ಕೊಳ್ತೇನೆ ಮಾರಾಯ್ರೆ, ಎಲ್ಲಾ ಡಬ್ಬಿ," ಎಂದೆ.

"ಸಾರಿ ಸರ್. ಒಂದು ಬಾಗಿಲಿಗೆ ಒಂದೇ."

"ಬಾಲ್ಕನಿಯದ್ದು ಸೇರಿಸಿದ್ರೆ ನಂಗೆ ಎರಡು ಬಾಗಿಲುಂಟು."

"ಜೋಕ್ ಬೇಡ ಸರ್. ಮಕ್ಕಳಿಗೆ ಶಿಸ್ತು ಬರ್ಲಿಕ್ಕೇ ಇದೆಲ್ಲ ಮಾಡೂದು. ಇನ್ನೂ ಒಂದು ವಾರ ಉಂಟಲ್ಲ, ಟ್ರೈ ಮಾಡ್ಲಿ." ಮತ್ತೆ ಅವಳ ಕಡೆ ತಿರುಗಿ, "ಹೆಸರು ಹೇಳ್ಬೇಡ. ಒಳಗೆ ಎಂತ ಉಂಟು ಅಂತ ಹೇಳು, ಸಾಕು," ಎಂದರು.

ಹುಡುಗಿ ವಿಧೇಯಳು. ಅದೇ ಅವಳ ದುರದೃಷ್ಟ.

ಕಟ್ಟಡದ ಹಿಂದಿನ ವಿಲ್ಲಾದಲ್ಲಿ ನಮ್ಮ ಮಾಲೀಕರ ಮುದಿತಾಯಿ ಇದ್ದರು, ಅರಬ್ಬಿ ಬಿಟ್ಟು ಬೇರೆ ಮಾತು ಬಾರದವರು. ಪಂಪು ಕೆಟ್ಟಿದೆ ಎಂದು ಹೇಳಲು ನಾನು ಅಲ್ಲಿಗೆ ಹೋದಾಗ ಹುಡುಗಿ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಅಜ್ಜಿ ಆಗಲೇ ಒಂದನ್ನು ಬಾಯಿಗೆ ಹಾಕಿಕೊಂಡು ಚಪ್ಪರಿಸುತ್ತಿದ್ದರು. ತಲೆದೂಗಿ, ಇದರಲ್ಲಿ ಏನಿದೆ ಎಂದು ಕೈಯಾಡಿಸಿ ಕೇಳಿದರು.

ಹೆಸರು ಹೇಳಬಾರದು, ಒಳಗೆ ಇರುವುದನ್ನು ಹೇಳಬೇಕು. ಒಳಗೆ ತೆಂಗಿನ ಹಾಲಿತ್ತು. ಸ್ಕೂಲಿನ ಹಿಂದಿಯನ್ನೂ ಅಂಗಡಿ ಬೀದಿಯ ಅರಬ್ಬಿಯನ್ನೂ ಬೆರೆಸಿ ಹುಡುಗಿ ಹುರುಪಿನಿಂದ ಹೇಳಿದಳು: "ಫೀ ದೂಧ್!"

ಫೀ ಅಂದರೆ ‘ಇದರಲ್ಲಿದೆ’. ದೂಧ್ ಅಂದರೆ ಹಿಂದಿಯಲ್ಲಿ ಹಾಲು. ಅರಬ್ಬಿಯಲ್ಲಿ ದೂದ್ ಅಂದರೆ ಹುಳ.

ಒಂದು ಸಮುದ್ರ ದಾಟಿ, ಮೂರು ಭಾಷೆ ಬದಲಿಸಿ ಬಂದರೂ ಆ ಹುಳ ಅವಳನ್ನು ಬಿಡಲಿಲ್ಲ.

"ಲಾ, ಲಾ! ಹಲೀಬ್, ಹಲೀಬ್!" ಎಂದು ನಾನು ಹಾಲಿನ ಅರಬ್ಬಿ ಪದವನ್ನು ಕೂಗಿಕೊಂಡು ನುಗ್ಗಿದೆ. ಅಜ್ಜಿ ಅಗಿಯುವುದನ್ನು ನಿಲ್ಲಿಸಿದರು. ಹುಳವನ್ನು ಹಾಲಿನಲ್ಲಿ ಬೇಯಿಸಿದ್ದೋ ಎಂದು ಕೇಳಿದರು. ಆಮೇಲೆ, ಬಹಳ ಮರ್ಯಾದೆಯಿಂದ, ಮುಖ ಆಚೆ ತಿರುಗಿಸಿ ಹೂಕುಂಡಕ್ಕೆ ಉಗಿದರು.

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹುಡುಗಿಯ ಕೆನ್ನೆ ಸವರಿ "ಮಿಸ್ಕೀನಾ," ಅಂದರು, ಪಾಪದವಳು ಎಂದು. ಹುಳ ತಿಂದು ಬದುಕುವವರು ಎಂದುಕೊಂಡಿರಬೇಕು. ಒಳಗಿನಿಂದ ಖರ್ಜೂರದ ದೊಡ್ಡ ಪೆಟ್ಟಿಗೆಯೊಂದನ್ನು ತರಿಸಿ ಅವಳ ಕೈಗೆ ಹಾಕಿದರು. ಮಾರಲು ಹೋದವಳು ತನ್ನ ಡಬ್ಬಿಯ ಜೊತೆಗೆ ಭಿಕ್ಷೆಯನ್ನೂ ಹೊತ್ತುಕೊಂಡು ಹಿಂದೆ ಬಂದಳು.

"ಅಂಕಲ್, ನಾನೀಗ ಎಂತ ಹೇಳಿದೆ?" ಎಂದು ದಾರಿಯಲ್ಲಿ ಕೇಳಿದಳು. ಹೇಳಿದೆ. ಅವಳು ನಕ್ಕಳು. ಸ್ವಲ್ಪ ಹೊತ್ತು ನಕ್ಕಳು. ಕಟ್ಟಡದ ಬಾಗಿಲಿಗೆ ಬರುವಷ್ಟರಲ್ಲಿ ಅದು ನಗುವಾಗಿ ಉಳಿದಿರಲಿಲ್ಲ.

ಮಾರನೆಯ ಸಂಜೆ ಮಾರ್ಗದರ್ಶಕರು ಬಂದು ಅವಳ ಡಬ್ಬಿಗಳನ್ನೆಲ್ಲ ಕಾರಿಗೆ ತುಂಬಿಸಿಕೊಂಡರು. "ಖಲಾಸ್. ಇನ್ನು ನೀನು ಬಾಯಿ ತೆರಿಯೂದು ಬೇಡ." ಅರ್ಧವಾಗಿದ್ದವನ್ನು ಒಂದರೊಳಗೊಂದು ಸುರಿದು ಭರ್ತಿ ಮಾಡಿದರು. ಡಬ್ಬಿಗಳ ಮೇಲೆ ‘ಸ್ವೀಟ್ ಶೆಲ್ಸ್’ ಎಂಬ ಹೊಸ ಚೀಟಿ ಬಿತ್ತು. ಅವು ಅವರ ತಂಗಿಯ ಮಗನ ಪಾಲಿಗೆ ಹೋದವು. ಹಿಂದಿನ ವರ್ಷ ಅಪ್ಪನಿಂದಲೇ ಡಬ್ಬಿಗಳನ್ನೆಲ್ಲ ಕೊಳ್ಳಿಸಿದ್ದವನು ಅವನೇ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಮೇಲಂತಸ್ತಿನ ಹೆಂಗಸು, ಪಂಪು ಸರಿಯಾದ ಸಂತೋಷಕ್ಕೆ, ನನ್ನನ್ನು ಚಹಾಕ್ಕೆ ಕರೆದರು. ತಟ್ಟೆಯಲ್ಲಿ ಬಿಸ್ಕತ್ತಿನ ಪಕ್ಕ ಬೆಳ್ಳಗೆ ಮುದುಡಿಕೊಂಡ ಕಿಡ್ಯೊ.

"ಲೀಜಿಯೇ, ಬಹುತ್ ಅಚ್ಛಾ ಹೈ," ಅಂದರು. "ಒಬ್ಬ ಒಳ್ಳೆಯ ಹುಡುಗ ತಂದುಕೊಟ್ಟ. ಆ ಕೀಡೇವಾಲಿ ಹುಡುಗಿಯದ್ದಲ್ಲ, ಹೆದರಬೇಡಿ."

ನಾನು ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡೆ. ಬಾಯಮ್ಮನ ತಟ್ಟೆಯದೇ ರುಚಿ. ತೆಂಗಿನ ಹಾಲು, ಸ್ವಲ್ಪ ಉಪ್ಪು, ಹಲ್ಲಿಗೆ ಹತ್ತುವ ಸಕ್ಕರೆ. ಇದು ಅದೇ ಹುಡುಗಿಯ ಡಬ್ಬಿಯದ್ದು ಎಂದು ಅವರಿಗೆ ತಿಳಿಸಿದೆ. ಅವರು ನಕ್ಕು, ನಾನು ಬಹಳ ತಮಾಷೆಯ ಮನುಷ್ಯ ಎಂದು ಇನ್ನೊಂದು ಕಪ್ ಚಹಾ ಬಗ್ಗಿಸಿದರು.

ಹೊಸ ವರ್ಷ ಕಳೆದ ಮೇಲೆ ಮಾರ್ಗದರ್ಶಕರ ಫೋಟೋಗಳು ಬಂದವು: ಗುಡ್ಡಗಳ ನಡುವೆ ಸಮುದ್ರ, ದೋಣಿ, ಕೂಲಿಂಗ್ ಗ್ಲಾಸು ಹಾಕಿದ ಮಕ್ಕಳು, ಒಂದರಲ್ಲಿ ಅಸ್ಪಷ್ಟವಾಗಿ ಡಾಲ್ಫಿನ್ನಿನ ಒಂದು ಬೆನ್ನು. ಆ ಹೊತ್ತಿಗೆ ಮೆಟ್ಟಿಲ ಮೇಲಿನ ವಿಸಿಲ್ ನಿಂತಿತ್ತು. ನಿಲ್ಲುವ ಮೊದಲು ಸಾಕಷ್ಟು ಸುಧಾರಿಸಿತ್ತು. ಈಗ ನಾನು ಬಾಯಮ್ಮನಿಂದ ಕಲಿತ ಹರಕು ಕೊಂಕಣಿಯಲ್ಲಿ ಮಾತಾಡಿಸಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.

ತಂಗಿಯ ಮಗ ಖಸಬ್‌ಗೆ ಎರಡನೆಯ ಸಲ ಹೋಗಿಬಂದ. ಹುಡುಗಿ ಹೋಗಲಿಲ್ಲ.