ಶ್ರೀ ಇಲ್ಲದ ಪತ್ರಗಳು

ಅಮೆರಿಕದಿಂದ ತಂಗಿಯ ಪತ್ರ ಬಂದರೆ ಅವ್ವ ಮೊದಲು ಹಾಳೆಯ ನೆತ್ತಿ ನೋಡುತ್ತಿದ್ದಳು. ಅಲ್ಲಿ 'ಶ್ರೀ' ಇದ್ದರೆ ಮಗಳು ಕ್ಷೇಮ. ನಮ್ಮ ಕಡೆ ಸಾವಿನ ಸುದ್ದಿಯ ಪತ್ರಕ್ಕೆ ಶ್ರೀ ಬರೆಯುವುದಿಲ್ಲ. ಅಂಥದ್ದನ್ನು ಮನೆಯೊಳಗೆ ಇಡುವುದೂ ಇಲ್ಲ, ಓದಿದ ಕೂಡಲೇ ಹರಿದು ಹೊರಗೆ ಎಸೆಯಬೇಕು. ಮದುವೆಯಾದ ಎರಡನೇ ವರ್ಷದಿಂದ ತಂಗಿ ಶ್ರೀ ಬರೆಯುವುದನ್ನೇ ಬಿಟ್ಟಳು.

ಫೋನಿನಲ್ಲಿ ಮಾತ್ರ, ಗಂಡ ಪಕ್ಕದಲ್ಲೇ ನಿಂತಿರುತ್ತಿದ್ದನಲ್ಲ, "ಆರಾಮ ಅದೀನವ್ವಾ" ಅನ್ನುತ್ತಿದ್ದಳು. ಅಪ್ಪ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಅಂಗಡಿಯ ಗುಮಾಸ್ತ. ಅಲ್ಲಿಯ ಕನ್ನಡದ ಹೆಂಗಸರು ಕೇಳಿದರೆ ಅವ್ವನದೂ ಅದೇ ಉತ್ತರ: "ಭಾಳ ಆರಾಮ ಅದಾಳ್ರಿ." ಏನು ಆರಾಮ, ಮಣ್ಣು! ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಪುಣೆಯದೇ ಕ್ಯಾಂಪ್ ಬಡಾವಣೆಯ ಒಬ್ಬ ವಕೀಲರಲ್ಲಿ ಟೈಪಿಸ್ಟ್. ಒಂದು ಬೆಳಿಗ್ಗೆ ಅಲ್ಲಿಗೇ ತಂಗಿಯ ಫೋನು ಬಂತು. ಎರಡು ವರ್ಷದ ಮಗಳನ್ನು ಎತ್ತಿಕೊಂಡು ಮನೆ ಬಿಟ್ಟು, ಹೆಂಗಸರಿಗೆ ಆಸರೆ ಕೊಡುವ ಒಂದು ಮನೆ ಸೇರಿದ್ದಳು.

"ಅಕ್ಕಾ, ನಾ ಇಲ್ಲೆ ಇರೂ ಕಾಗದಪತ್ರ ಎಲ್ಲಾ ಅವನ ಸಹಿ ಮ್ಯಾಲೆ ನಿಂತಾವ. ಆದ್ರ ಹೊಡಸ್ಕೊಂಡ ಹೆಂಡ್ತಿ, ಗಂಡನ್ನ ಕೇಳದ ತಾನ ಅರ್ಜಿ ಹಾಕಬಹುದಂತ. ಪುರಾವೆ ಬೇಕು. ನಾ ಬರದ ಪತ್ರ ಎಲ್ಲಾ ಲಗೂನ ಕಳಸು. ಇಲ್ಲಾಂದ್ರ ನನ್ನ ವಾಪಸ್ ಇಂಡಿಯಾಕ್ಕ ಅಟ್ಟತಾರ, ಮಗಳು ಅವನ ಹತ್ರ ಉಳೀತಾಳ."

ಅರ್ಧ ದಿನದ ರಜೆ ಹಾಕಿ ಮನೆಗೆ ಓಡಿದೆ. ಅವ್ವ ಮೆಂತ್ಯದ ಎಲೆ ಬಿಡಿಸಿ ಪಲ್ಯ ಸೋಸುತ್ತಿದ್ದಳು.

"ಪತ್ರ ಎಲ್ಲಿ ಅದಾವ?"

"ಹರದ ಒಗದೆ."

"ಎಲ್ಲಾ?"

"ಶ್ರೀ ಇಲ್ಲದ್ದು ಮನ್ಯಾಗ ಹ್ಯಾಂಗ ಇಡಬೇಕು?"

"ನಿನ್ನ ಶಾಸ್ತ್ರಕ್ಕಷ್ಟು ಬೆಂಕಿ ಹಚ್ಚ! ಆ ಪತ್ರದ ಮ್ಯಾಲೆ ನಿನ್ನ ಮಗಳ ಕೂಸು ನಿಂತದ" ಎಂದು ಕಿರುಚಿದೆ. ಅವ್ವ ಮೆಂತ್ಯದ ಕಟ್ಟು ಕೆಳಗಿಟ್ಟಳು. "ನನಗ ಎಲ್ಲಾ ಬಾಯಿಪಾಠ ಅದಾವ" ಎಂದಳು.

ಮರುದಿನ ಅವಳನ್ನು ಕಚೇರಿಗೆ ಕರೆದೊಯ್ದೆ. ವಕೀಲರು ಮರಾಠಿಯಲ್ಲಿ "ಬೋಲಾ ಕಾಕೂ", ಹೇಳಿ ಚಿಕ್ಕಮ್ಮಾ, ಎಂದರು. ಅವ್ವ ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಅಫಿಡವಿಟ್ಟನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತ ಹೋದೆ.

"ಸಂಕ್ರಮಣ ಮುಗದ ಮ್ಯಾಲೆ ಬಂದದ್ದು: ಆಫೀಸಿಗೆ ಹೋಗೂವಾಗ ಫೋನಿನ ವೈರ್ ಕಿತ್ತಗೊಂಡು ಒಯ್ತಾನ. ಪಂಚಮಿಗೆ ಬಂದದ್ದು: ಕೈ ತಿರುವಿದ, ಹಸಿರು ಬಳಿ ಒಡದು ಮಣಿಕಟ್ಟಿನ್ಯಾಗ ನಟ್ಟಾವ."

ಹೀಗೆ ಒಂಬತ್ತು ಪತ್ರ. ಕಣ್ಣೀರಿಲ್ಲ, ತಡವರಿಕೆಯಿಲ್ಲ. ತಪ್ಪು ಅಕ್ಷರ ಹೊಡೆದು ಅಳಿಸುತ್ತಿದ್ದವಳು ನಾನೇ.

ಮುಗಿಯಿತೆಂದು ಹಾಳೆ ಎಳೆಯಲು ಹೋದರೆ ತಡೆದಳು. "ಇನ್ನೊಂದು ಬರಿ. 'ಬಂದುಬಿಡ್ಲೇನವ್ವಾ' ಅಂತ ಕೇಳಿದ್ಲು. ನಾ ಬ್ಯಾಡ ಅಂತ ಬರದೆ. 'ಅವ ಹೊಡದ್ರೂ ಬಡದ್ರೂ ಹೊಂದಿಕೊಂಡು ಹೋಗು' ಅಂತ ಬರದೆ."

"ಅದು ಬ್ಯಾಡವ್ವಾ, ಬಿಡು."

"ಬರಿ ಅಂದೆ. ನನ್ನ ಪತ್ರಕ್ಕ ಶ್ರೀ ಹಾಕಿದ್ದೆ. ಶ್ರೀ ಇದ್ದದ್ದನ್ನ ಅಕಿ ಹರದಿರೂದಿಲ್ಲ. ಹುಡುಕು ಅನ್ನು."

ತಂಗಿ ಹರಿದಿರಲಿಲ್ಲ. ಮಗುವಿನ ಬಟ್ಟೆಯ ಚೀಲದ ತಳದಲ್ಲಿತ್ತು. ಗಂಡ ಹೊಡೆಯುತ್ತಾನೆಂದು ಆ ದಿನಗಳಲ್ಲೇ ಬರೆದದ್ದಾಗಿ ಉಳಿದದ್ದು ಅದೊಂದೇ ಕಾಗದ. ಅಫಿಡವಿಟ್ಟಿನ ಜೊತೆ ಅದೂ ಅರ್ಜಿಗೆ ಹೋಯಿತು. ವರ್ಷವಿಡೀ ಕಾದೆವು. ಅರ್ಜಿ ಮಂಜೂರಾಯಿತು, ಮಗಳು ತಂಗಿಯ ಹತ್ತಿರವೇ ಉಳಿದಳು.

ಆ ವಾರ ಅಂಗಡಿ ಮಾಲೀಕರ ಹೆಂಡತಿ ಮನೆಗೆ ಬಂದು ಎಂದಿನಂತೆ ಕೇಳಿದರು: "ಅಮೆರಿಕಾದ ಮಗಳು ಆರಾಮ ಅದಾಳೇನ್ರಿ?"

"ಈಗ ಅದಾಳ್ರಿ" ಎಂದಳು ಅವ್ವ. "ಮೊದಲ ಇರಲಿಲ್ಲ. ನಾ ನಿಮ್ಮ ಮುಂದ ಸುಳ್ಳು ಹೇಳ್ತಿದ್ದೆ."