ಅವ್ವನ ಅಡಕತ್ತರಿ ಗೆದ್ದ ಆಟ

ಅಕ್ಕನಿಗೆ ಪೋಕರ್ ಎಂಬ ಇಸ್ಪೀಟಾಟ ಕಲಿಸಿದವನು ನಾನೇ. ಯಳಂದೂರಿನ ಅವಳ ಮನೆಯ ಜಗಲಿಯಲ್ಲಿ, ಒಂದು ಭಾನುವಾರ ಊಟವಾದ ಮೇಲೆ. ಒಬ್ಬೊಬ್ಬರಿಗೆ ಎರಡು ಎಲೆ, ಅವು ಗುಟ್ಟು. ನಡುವೆ ಐದು ಎಲೆ, ಅವು ಇಬ್ಬರಿಗೂ ಸೇರಿದ್ದು. ಕೈಯ ಎಲೆ ಅವುಗಳೊಂದಿಗೆ ಜೋಡಿಯಾಗಬೇಕು, ದೊಡ್ಡ ಎಲೆಯ ಜೋಡಿ ಗೆಲ್ಲುತ್ತದೆ. ಮೊದಲು ಮೂರು, ಆಮೇಲೆ ಒಂದು, ಕೊನೆಗೊಂದು ಬಿಚ್ಚುವುದು. ಪ್ರತಿ ಸಲವೂ ಪಂತ. ಎದುರಿನವರು ಕಟ್ಟಿದಷ್ಟು ಕಟ್ಟಿ ಉಳಿಯಬೇಕು, ಇಲ್ಲವೇ ಏರಿಸಬೇಕು, ಆಗದಿದ್ದರೆ ಎಲೆ ಮಗುಚಿ ಸೋಲೊಪ್ಪಬೇಕು. ಪಂತಕ್ಕೆ ಹುಣಸೆ ಬೀಜ.

"ಏನೂ ಇಲ್ದಿದ್ರೂ ಇದ್ದಂಗೆ ಏರಿಸ್ಬೋದು ಕಣಕ್ಕ" ಎಂದೆ.

"ಅದು ಸುಳ್ಳಲ್ವೇನ್ಲಾ?"

"ಸುಳ್ಳಲ್ಲ, ಆಟ."

ಅವ್ವ ತೀರಿಕೊಂಡು ವರ್ಷವಾಗಿತ್ತು. ಅವಳ ಹಿತ್ತಾಳೆ ಅಡಕತ್ತರಿ ಅಕ್ಕನ ಮನೆಯಲ್ಲೇ ಉಳಿದಿತ್ತು. ನನಗೂ ಬೇಕು, ಅವಳಿಗೂ ಬೇಕು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಕೊನೆಯ ಆಟ ಗೆದ್ದವರಿಗೆ ಅದು ಎಂದು ನಗುತ್ತಾ ಹೇಳಿದವನೂ ನಾನೇ. ಅಕ್ಕ ಹೂಂ ಎಂದು ತಲೆಯಾಡಿಸಿದಳು.

ನಡುವೆ ರಾಜ, ಹತ್ತು, ಏಳು, ನಾಲ್ಕು, ಎರಡು ಬಿದ್ದವು. ನನ್ನ ಕೈಯಲ್ಲಿದ್ದದ್ದು ಒಂಬತ್ತು ಮತ್ತು ಆರು, ಅಂದರೆ ಏನೂ ಇಲ್ಲ. ಇದ್ದಬದ್ದ ಬೀಜವನ್ನೆಲ್ಲ ನಡುವೆ ತಳ್ಳಿದೆ. ಅಕ್ಕ ಆಟ ಮರೆತು ನನ್ನ ಮುಖ ನೋಡಿದಳು.

"ದಿಟ ಏಳ್ಲಾ, ರಾಜ ಅದಾ?"

"ಅದೆ ಕಣಕ್ಕ. ಅವ್ವನಾಣೆ."

ಅಷ್ಟು ಹೊತ್ತು ಆಡಿದ್ದು ಆಟ. ಆಣೆ ಆಟದಲ್ಲಿರಲಿಲ್ಲ. ಅವಳು ತನ್ನ ಬೀಜವನ್ನೂ ತಳ್ಳಿ, ತೋರಿಸು ಎಂದಿದ್ದರೆ ಮುಗಿಯುತ್ತಿತ್ತು. ಬೀಜ ಹೋದರೇನು, ಹಿತ್ತಲಲ್ಲಿ ಮರವೇ ಇತ್ತು.

"ಅವ್ವನಾಣೆ ಅಂದ್ಮೇಕೆ ತೋರ್ಸು ಅನ್ನಾದುಂಟಾ?" ಎಂದು ಎಲೆ ಮಗುಚಿಟ್ಟು, ಒಳಗೆ ಹೋಗಿ ಅಡಕತ್ತರಿ ತಂದುಕೊಟ್ಟಳು. ಅವಳು ಕಾಫಿಗಿಡಲು ಎದ್ದಾಗ ಅವಳ ಎಲೆ ತೆಗೆದು ನೋಡಿದೆ. ಎರಡೂ ಹತ್ತು. ನಡುವಿನದು ಸೇರಿ ಮೂರು ಹತ್ತು. ನನ್ನ ಬಳಿ ರಾಜ ಇದ್ದಿದ್ದರೂ ಅವಳೇ ಗೆಲ್ಲುತ್ತಿದ್ದಳು. ಯಾವ ಜೋಡಿಗಿಂತಲೂ ಒಂದೇ ಬಗೆಯ ಮೂರು ಎಲೆ ದೊಡ್ಡದೆಂದು ನಾನು ಸರಿಯಾಗಿ ಕಲಿಸಿರಲಿಲ್ಲ. ಅವಳು ಕಾಫಿ ತರುವಷ್ಟರಲ್ಲಿ ಎಲ್ಲ ಎಲೆಯನ್ನೂ ಕಲಸಿ ಕಟ್ಟಿಟ್ಟೆ.

ಕೊಳ್ಳೇಗಾಲದ ನನ್ನ ಮನೆಯಲ್ಲಿ ಅದರಿಂದ ಒಂದು ಅಡಿಕೆಯನ್ನೂ ಕತ್ತರಿಸಲಾಗಲಿಲ್ಲ. ನಾಚಿಕೆ ತಡೆಯದೆ ಹೋದ ತಿಂಗಳು ಎಲ್ಲ ಹೇಳಿ ವಾಪಸ್ ಕೊಡೋಣವೆಂದು ಬಸ್ಸು ಹತ್ತಿದೆ. ಜಗಲಿಯಲ್ಲಿ ಪಕ್ಕದ ಮನೆಯಾಕೆ ಕೂತಿದ್ದರು. ನಾನು ಹೇಳಲು ಶುರು ಮಾಡುವ ಮೊದಲೇ ಅಕ್ಕ ನನ್ನ ಚೀಲದಲ್ಲಿ ಕಂಡ ಅಡಕತ್ತರಿ ತೆಗೆದು, ಅಡಿಕೆ ಕತ್ತರಿಸಿ, ಎಲೆಗೆ ಸುಣ್ಣ ಹಚ್ಚಿ ನನ್ನ ಕೈಗಿಟ್ಟಳು.

"ಇವನು ಆಟ್ದಲ್ಲಿ ಗೆದ್ದುದ್ದು ಕಣಕ್ಕಯ್ಯ" ಎಂದು ಆಕೆಗೆ ಹೇಳಿದಳು. "ನನ್ ತಮ್ಮ ಆಟ್ದಲ್ಲೂ ಸುಳ್ಳೇಳಲ್ಲ."

ನನ್ನ ಬಾಯಿ ತುಂಬಾ ಎಲೆಯಡಿಕೆ ಇತ್ತು.