ಕಸ ಕರಗದ ಕೋಶ

ಆಂಟಿಯ ಬೆರಳ ತುದಿಗಳಲ್ಲಿ ಯಾವಾಗಲೂ ಬಣ್ಣದ ಕಲೆ ಇರುತ್ತಿತ್ತು. ಈರುಳ್ಳಿಯ ಪೊರೆಗೆ ಅಯೋಡಿನ್ ಹಾಕಿದ ದಿನ ಕಂದು, ನಮ್ಮ ಕೆನ್ನೆಯ ಒಳಗಿನಿಂದ ಕೆರೆದು ತೆಗೆದ ಜೀವಕೋಶಗಳಿಗೆ ಬಣ್ಣ ಹಾಕಿದ ದಿನ ನೀಲಿ. "ನನ್ನ ಕೈ ನೋಡಿದ್ರೆ ಸಾಕು, ಇವತ್ತಿನ ಪಾಠ ಗಿಡದ್ದೋ ಮನುಷ್ಯರದ್ದೋ ಗೊತ್ತಾಗುತ್ತೆ" ಎನ್ನುತ್ತಿದ್ದರು. ಗ್ರೇಟರ್ ನೋಯ್ಡಾದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರು ಮನೆ ಅವರದು. ನಮ್ಮಂತೆಯೇ ತುಮಕೂರಿನ ಕಡೆಯವರು. ಶಾಲೆಯಲ್ಲಿ ಬಯಾಲಜಿ ಟೀಚರ್. ಸಂಜೆ ಊಟದ ಮೇಜಿನ ಮೇಲೆ ಹಳೆಯ ಮೈಕ್ರೋಸ್ಕೋಪ್ ಇಟ್ಟು ನಮಗೆ ಟ್ಯೂಷನ್ ಹೇಳುತ್ತಿದ್ದರು.

ಕೋಶದ ಯಾವ ಭಾಗಕ್ಕೆ ಏನು ಕೆಲಸವೆಂದು ನಾವು ಗಿಳಿಪಾಠ ಒಪ್ಪಿಸಿದರೆ ಅವರಿಗೆ ಸಮಾಧಾನವಿಲ್ಲ. "ಅಚ್ಛಾ, ಅದು ಕೆಲಸ ನಿಲ್ಲಿಸಿದ್ರೆ?" ಎಂದು ಕೇಳುತ್ತಿದ್ದರು. ಮೈಟೋಕಾಂಡ್ರಿಯಾ ನಿಂತರೆ ಶಕ್ತಿಯಿಲ್ಲ. ಕ್ಲೋರೋಪ್ಲಾಸ್ಟ್ ನಿಂತರೆ ಗಿಡಕ್ಕೆ ಊಟವಿಲ್ಲ. "ಗಿಡದ ಕೋಶದಲ್ಲಿ ದೊಡ್ಡ ವ್ಯಾಕ್ಯೂಲ್ ಇದೆ ನೋಡು, ಬೇಡದ್ದನ್ನೆಲ್ಲ ಆ ಚೀಲದೊಳಗೆ ತಳ್ಳಿ ಹಾಯಾಗಿರುತ್ತೆ. ನಮಗೆ ಆ ಭಾಗ್ಯ ಇಲ್ಲ. ನಮ್ಮ ಲೈಸೋಸೋಮ್ ಕಸಾನ ಕರಗಿಸ್ಲೇಬೇಕು." ಅದು ನಿಂತರೆ ಏನಾಗುತ್ತದೆ ಎಂದು ಮಾತ್ರ ಅವರು ಎಂದೂ ಕೇಳಲಿಲ್ಲ. ಕುಕ್ಕರ್ ನೋಡುವ ನೆಪ ಮಾಡಿ ಒಳಗೆ ಹೋಗಿಬಿಡುತ್ತಿದ್ದರು.

ನನ್ನ ಡಿಗ್ರಿ ಮುಗಿದ ವರ್ಷ ಅಜ್ಜಿ ಊರಿನಿಂದ ಬಂದು, ನನ್ನನ್ನು ಸೋದರಮಾವನಿಗೆ, ಎಂದರೆ ಅಮ್ಮನ ಸ್ವಂತ ತಮ್ಮನಿಗೆ ಕೊಡುವುದೆಂದು ತೀರ್ಮಾನಿಸಿದರು. ಮಾವ ಮಾನೇಸರ್‌ನಲ್ಲಿ ಎಂಜಿನಿಯರ್, ಒಳ್ಳೆಯ ಮನುಷ್ಯ. ನನ್ನ ದೆಹಲಿ ಗೆಳತಿಯರು "ಮಾಮಾ ಸೇ ಶಾದಿ?" ಎಂದು ಮುಖ ಕಿವುಚಿದಾಗ ನನಗೆ ಅವರ ಮೇಲೆಯೇ ಸಿಟ್ಟು ಬಂತು. ನಮ್ಮ ಕಡೆಯ ಪದ್ಧತಿ ಇವರಿಗೇನು ಗೊತ್ತು? ಆಂಟಿಯೂ ಸೋದರಮಾವನನ್ನೇ ಮದುವೆಯಾದವರಲ್ಲವೇ? ಅವರಿಗೆ ಮಕ್ಕಳಾಗಲಿಲ್ಲ ಎಂದಷ್ಟೇ ನಾವೆಲ್ಲ ತಿಳಿದಿದ್ದೆವು.

ನಿಶ್ಚಿತಾರ್ಥಕ್ಕೆ ಕರೆಯಲು ಅಮ್ಮ ನನ್ನನ್ನೂ ಕರೆದುಕೊಂಡು ಎದುರು ಮನೆಗೆ ಹೋದಳು. ಹುಡುಗ ಯಾರೆಂದು ಕೇಳಿದ ಆಂಟಿ ಕುಂಕುಮದ ಬಟ್ಟಲಿಗೆ ಕೈ ಚಾಚಲಿಲ್ಲ. ಸೋಫಾದಲ್ಲಿದ್ದ ಅಂಕಲ್‌ಗೆ ಏನೋ ಸುಳಿವು ಹತ್ತಿರಬೇಕು, "ಬೇಡ ಕಣೇ" ಎಂದರು. ಆಂಟಿ ಕೇಳಲಿಲ್ಲ.

"ನಮಗೊಬ್ಬ ಮಗ ಇದ್ದ ಅಕ್ಕಾ, ಇಲ್ಲಿಗೆ ಬರೋಕೆ ಮೊದಲು. ಅವನ ಲೈಸೋಸೋಮಿನಲ್ಲಿ ಒಂದು ಎಂಜೈಮ್ ಇರಲಿಲ್ಲ. ಕಸ ಕರಗದೆ ಮಿದುಳಿನಲ್ಲಿ ತುಂಬ್ಕೋತಾ ಹೋಯ್ತು. ಕಲಿತ ಮಾತೆಲ್ಲ ಒಂದೊಂದಾಗಿ ಮರೆತ. ಅಮ್ಮ ಅನ್ನೋದನ್ನ ಮರೆತ. ಕಡೆಗೆ ನುಂಗೋದನ್ನೂ ಮರೆತ. ಆ ದೋಷ ನನ್ನಲ್ಲೂ ಇತ್ತು, ಇವರಲ್ಲೂ ಇತ್ತು, ಒಂದೇ ಮನೆಯವರಲ್ವಾ? ಒಬ್ಬರಿಂದ ಬಂದ್ರೆ ಏನೂ ಆಗಲ್ಲ, ಇಬ್ಬರಿಂದಲೂ ಬಂದ್ರೆ ಮಗು ಉಳಿಯಲ್ಲ. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ಆದ್ರೆ ನಾನು ಇದನ್ನೇ ಓದಿದವಳು. ಓದಿಯೂ ನಮ್ಮನೇಲಿ ಆಗಲ್ಲ ಅಂದ್ಕೊಂಡೆ."

ಅಂಕಲ್ ಎದ್ದು ಬಾಲ್ಕನಿಗೆ ಹೋದರು.

"ಶುಭಕಾರ್ಯಕ್ಕೆ ಕರೆಯೋಕೆ ಬಂದ್ರೆ ಸಾವಿನ ಮಾತಾಡ್ತಾಳೆ" ಎಂದು ಅಮ್ಮ ಅವರಿಗೆ ಕೇಳುವಂತೆಯೇ ಸಿಡುಕಿದಳು. ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ನಾನು ಈ ಮದುವೆ ಬೇಡವೇ ಬೇಡ ಎಂದು ಹಠ ಹಿಡಿದೆ. ಅಜ್ಜಿ ಅತ್ತರು, ಊಟ ಬಿಟ್ಟರು, ಆಮೇಲೆ ಸುಮ್ಮನಾದರು. ಮಾವ ಬೇರೆ ಕಡೆ ಮದುವೆಯಾದ, ನಾನೂ ಆದೆ.

ಕಳೆದ ಚಳಿಗಾಲದಲ್ಲಿ ಆಂಟಿ ನ್ಯುಮೋನಿಯಾದಿಂದ ತೀರಿಕೊಂಡರು. ಓಖ್ಲಾದ ಆಫೀಸಿನಿಂದ ನೇರವಾಗಿ ಸ್ಮಶಾನಕ್ಕೆ ಹೋದೆ. ಎಲ್ಲ ಮುಗಿದ ಮೇಲೆ ಅಂಕಲ್ ಪಕ್ಕದಲ್ಲಿ ಕುಳಿತು, "ಅವತ್ತು ಆಂಟಿ ಹೇಳದೇ ಇದ್ದಿದ್ರೆ ನಾನು ಒಪ್ಪಿಬಿಡ್ತಿದ್ದೆ ಅಂಕಲ್. ನಿಮ್ಮಿಬ್ಬರ ಋಣ ನನ್ನ ಮೇಲಿದೆ" ಎಂದೆ.

"ಮಗ ಹೋದ್ಮೇಲೆ, ಯಾಕೆ ಹೀಗಾಯ್ತು ಅಂತ ನಾವಿಬ್ರೂ ಒಂದು ದಿನಾನೂ ಮಾತಾಡಿರಲಿಲ್ಲಮ್ಮ. ನಿಮ್ಮಮ್ಮನ ಮುಂದೇನೇ ಅವಳು ಮೊದಲ ಸಲ ಬಾಯಿಬಿಟ್ಟಿದ್ದು. ಮಾತು ಕಲಿತಾಗಿಂದ ನನ್ನನ್ನ ಮಾಮ ಅಂತಿದ್ಳು, ಮದುವೆ ಆದ್ಮೇಲೂ ಹಾಗೇ ಕರೀತಿದ್ಳು. ಅವತ್ತಿಂದ ಬಿಟ್ಟುಬಿಟ್ಳು. ಆಸ್ಪತ್ರೇಲಿ ನರ್ಸ್‌ನ ಕರೆದ್ಳು, ನನ್ನನ್ನ ಕರೀಲಿಲ್ಲ."